ಬಿಟ್ಟು ಬಿಟ್ಟು ಸೋರುವ ನೀರು



ಈ ಅಂಕಣದಲ್ಲಿ ನಾವು ಸಾಮಾನ್ಯವಾಗಿ ಗ್ರಂಥಗಳ ವಿಚಾರವನ್ನೋ ಮನೆತನದ ನಡೆನುಡಿಯ ವಿಚಾರವನ್ನೋ ಬರೆಯುತ್ತ ಬಂದಿದ್ದೇವೆ. ಈ ತಿಂಗಳು ಬಚ್ಚಲುಮನೆಯ ಗೀಸರಿನ ವಿಚಾರ ಬರೆಯಲು ಕುಳಿತಿರುವುದನ್ನು ಕಂಡು ಕೆಲವರು ನಕ್ಕಾರು. ನಗಲಿ. ನಮ್ಮ ಮನೆಯಲ್ಲಿ ಎರಡು ತಿಂಗಳು ನಡೆದ ಒಂದು ಸಣ್ಣ ಸಂಗತಿ ನಮಗೆ ಎರಡು ಪಾಠಗಳನ್ನು ಕಲಿಸಿತು. ಒಂದು, ನೀರಿನ ಸ್ವಭಾವದ್ದು. ಇನ್ನೊಂದು, ನಮ್ಮದೇ ಸ್ವಭಾವದ್ದು. ಮೊದಲನೆಯದನ್ನು ತಿಳಿಯದೆ ಹೋಗಿದ್ದರೆ ಮನೆಯವರ ಪ್ರಾಣಕ್ಕೇ ಅಪಾಯವಾಗಬಹುದಾಗಿತ್ತು. ಎರಡನೆಯದನ್ನು ತಿಳಿಯದೆ ಹೋಗಿದ್ದರೆ ಮನೆಯ ಸಮಾಧಾನ ಹಾಳಾಗುತ್ತಿತ್ತು. ಆದಕಾರಣ ಇವೆರಡನ್ನೂ ನಿಮ್ಮ ಮುಂದೆ ನಿವೇದಿಸಿಕೊಳ್ಳುತ್ತಿದ್ದೇವೆ.

ಧಾರವಾಡದ ನಮ್ಮ ಮನೆಯಲ್ಲಿ ಬಚ್ಚಲುಮನೆಗೂ ನಮ್ಮ ಪುಸ್ತಕದ ಕೋಣೆಗೂ ನಡುವೆ ಇರುವುದು ಒಂದೇ ಗೋಡೆ. ಬಚ್ಚಲಿನ ಮೇಲ್ಭಾಗದಲ್ಲಿ ಒಂದು ಅಟ್ಟವಿದೆ. ಅದರ ಮೇಲೆ, ಗೋಡೆಗೆ ಒತ್ತಿದಂತೆ, 25 ಲೀಟರಿನ ವಿದ್ಯುತ್ ಗೀಸರು ಕುಳಿತಿದೆ. ಒಂಬತ್ತು ವರ್ಷ ಅದು ನಮಗೆ ಯಾವ ತೊಂದರೆಯನ್ನೂ ಕೊಟ್ಟಿರಲಿಲ್ಲ. ಕಳೆದ ಆಷಾಢದಲ್ಲಿ ಒಂದು ದಿನ ಪುಸ್ತಕದ ಕೋಣೆಯ ಗೋಡೆಯಲ್ಲಿ, ಕಪಾಟಿನ ಹಿಂದೆ, ಅಂಗೈಯಗಲ ತೇವ ಕಾಣಿಸಿತು. ಮರುದಿನ ನೋಡಿದರೆ ಒಣಗಿತ್ತು. ನಾಲ್ಕು ದಿನ ಬಿಟ್ಟು ಮತ್ತೆ ತೇವ. ಶ್ರಾವಣ ಬಂದಾಗ ಅದು ಮೊಳದಷ್ಟು ಬೆಳೆಯಿತು. ಕೆಳಗಿನ ಸಾಲಿನಲ್ಲಿದ್ದ ಹಳೆಯ ನಿಘಂಟೊಂದರ ರಟ್ಟು ಉಬ್ಬಿ ಬೂಷ್ಟು ಹಿಡಿಯಿತು. ಅದು ನಮ್ಮ ಗುರುಗಳು ತಮ್ಮ ಕೈಯಾರೆ ಕೊಟ್ಟಿದ್ದ ಪುಸ್ತಕ. ಬೂಷ್ಟು ಒರೆಸುತ್ತ ಕುಳಿತಾಗ ನಮಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ನಿರಂತರ ಸೋರುವ ನೀರು ಪ್ರಾಮಾಣಿಕ. ಅದು ಎಲ್ಲಿಂದ ಬರುತ್ತಿದೆ ಎಂಬುದನ್ನು ತಾನೇ ತೋರಿಸಿಕೊಡುತ್ತದೆ. ಬಿಟ್ಟು ಬಿಟ್ಟು ಸೋರುವ ನೀರು ಹಾಗಲ್ಲ. ರಿಪೇರಿಯವನು ಬಂದ ದಿನ ಅದು ಒಣಗಿರುತ್ತದೆ. ಅವನು ಹೋದ ಮರುದಿನ ಮತ್ತೆ ತೊಟ್ಟಿಕ್ಕುತ್ತದೆ. ಕಾರಣ ಕಣ್ಣಿಗೆ ಬೀಳದಿದ್ದಾಗ ಮನುಷ್ಯನ ಮನಸ್ಸು ಸುಮ್ಮನಿರುವುದಿಲ್ಲ. ಕಾರಣದ ಬದಲು ಒಬ್ಬ ಅಪರಾಧಿಯನ್ನು ಹುಡುಕತೊಡಗುತ್ತದೆ. ನಮ್ಮ ಮನಸ್ಸೂ ಅದನ್ನೇ ಮಾಡಿತು.

ಶ್ರಾವಣಮಾಸದಲ್ಲಿ ನಾವು ಪ್ರವಚನಕ್ಕೆಂದು ಹಳ್ಳಿಗಳಿಗೆ ಹೋಗುವುದು ವಾಡಿಕೆ. ಎರಡು ದಿನ, ಮೂರು ದಿನ ಹೊರಗೇ ಇರುತ್ತೇವೆ. ಮರಳಿ ಬಂದಾಗಲೆಲ್ಲ ಗೋಡೆ ತೇವವಾಗಿರುತ್ತಿತ್ತು. ನಾವು ಮನೆಯಲ್ಲಿದ್ದ ದಿನಗಳಲ್ಲಿ ಗೋಡೆ ಒಣಗಿರುತ್ತಿತ್ತು. ಇದನ್ನು ಗಮನಿಸಿದ ನಾವು ಒಂದು ತೀರ್ಮಾನಕ್ಕೆ ಬಂದೆವು: ನಾವಿಲ್ಲದಾಗ ಬಚ್ಚಲಿನಲ್ಲಿ ಅಜಾಗರೂಕತೆ ನಡೆಯುತ್ತಿದೆ, ನಲ್ಲಿಯನ್ನು ಬಿಗಿಯಾಗಿ ನಿಲ್ಲಿಸುತ್ತಿಲ್ಲ, ಗೋಡೆಗೆ ನೀರೆರಚುತ್ತಿದ್ದಾರೆ. ಒಂದು ಸಂಜೆ ಎಲ್ಲರ ಎದುರಿಗೇ ಸೊಸೆಯನ್ನು ಕೇಳಿಬಿಟ್ಟೆವು. ಆ ಮಗಳು ತಲೆ ತಗ್ಗಿಸಿ, "ಇಲ್ರೀ ಮಾವಾರ, ನಾ ನಲ್ಲಿ ಬಂದ್ ಮಾಡೇ ಬಂದಿರ್ತೀನ್ರಿ" ಎಂದಳು. ನಾವು ನಂಬಲಿಲ್ಲ. ನಂಬಲಿಲ್ಲವೆಂಬುದನ್ನು ಮುಖದಲ್ಲಿ ಮರೆಮಾಡಲೂ ಇಲ್ಲ. ಅಂದಿನಿಂದ ಆಕೆ ನಮ್ಮೊಡನೆ ಬೇಕಾದಷ್ಟೇ ಮಾತನಾಡತೊಡಗಿದಳು. ಊಟಕ್ಕೆ ಬಡಿಸುವಾಗ ಯಾವ ಕೊರತೆಯೂ ಇರಲಿಲ್ಲ. ಆದರೆ "ಇನ್ನೊಂದು ರೊಟ್ಟಿ ಹಾಕ್ಲ್ಯಾ ಮಾವಾರ" ಎಂಬ ಒತ್ತಾಯ ನಿಂತುಹೋಗಿತ್ತು.

ಗೌಂಡಿ ಬಂದು ನೋಡಿ, ಬಚ್ಚಲಿನ ಹೆಂಚುಗಳನ್ನೆಲ್ಲ ಒಡೆದು ಹೊಸದಾಗಿ ಹಾಕಬೇಕೆಂದ. ಬಣ್ಣದವನು ಬಂದು, ಮಳೆಯ ನೀರು ಮಾಳಿಗೆಯಿಂದ ಇಳಿಯುತ್ತಿದೆಯೆಂದ. ಮಗ ಗೀಸರನ್ನೇ ಬದಲಿಸಿಬಿಡೋಣವೆಂದ. ಮನೆಯಾಕೆ ಅಮಾವಾಸ್ಯೆ ಹತ್ತಿರವಾದಾಗ ಹೀಗಾಗುತ್ತಿದೆಯೆಂದು ಲೆಕ್ಕ ಹಾಕತೊಡಗಿದರು. ಇವರಲ್ಲಿ ಒಬ್ಬರೂ, ನಮ್ಮನ್ನೂ ಸೇರಿಸಿ, ಗೋಡೆ ಯಾವ ದಿನ ತೇವವಾಗುತ್ತದೆ, ಯಾವ ದಿನ ಇಲ್ಲ ಎಂಬುದನ್ನು ಬರೆದಿಟ್ಟಿರಲಿಲ್ಲ.

ಬರೆದಿಡುವ ಬುದ್ಧಿ ಬಂದದ್ದು ಒಂಬತ್ತನೆಯ ಇಯತ್ತೆ ಓದುವ ಮೊಮ್ಮಗಳಿಗೆ. ಶಾಲೆಯ ವಿಜ್ಞಾನದ ಮೇಷ್ಟ್ರು ಯಾವುದಾದರೊಂದು ಸಂಗತಿಯನ್ನು ಹದಿನೈದು ದಿನ ಗಮನಿಸಿ ಬರೆದುಕೊಂಡು ಬನ್ನಿ ಎಂದಿದ್ದರಂತೆ. ಆಕೆ ಗೋಡೆಯನ್ನು ಆರಿಸಿಕೊಂಡಳು. ನೋಟುಪುಸ್ತಕದಲ್ಲಿ ಗೆರೆ ಎಳೆದು ಆರು ಮನೆಗಳನ್ನು ಮಾಡಿದಳು: ತಾರೀಖು, ಮಳೆ ಬಂತೋ ಇಲ್ಲವೋ, ಕಾರ್ಪೊರೇಶನ್ ನೀರು ಬಂತೋ ಇಲ್ಲವೋ, ಗೀಸರಿನ ಗುಂಡಿ ಒತ್ತಿದ ಹೊತ್ತು, ಮೊದಲನೆಯವರು ಸ್ನಾನಕ್ಕೆ ಹೋದ ಹೊತ್ತು, ಗೋಡೆ ಒಣಗಿದೆಯೋ ತೇವವಾಗಿದೆಯೋ. ಹದಿನೈದು ದಿನಗಳಲ್ಲಿ ಆರು ದಿನ ತೇವ, ಒಂಬತ್ತು ದಿನ ಒಣ.

ಆ ಪುಟವನ್ನು ನಮ್ಮ ಮುಂದೆ ಹಿಡಿದು ಆಕೆ ಕೇಳಿದಳು: "ಅಜ್ಜಾ, ಮಳಿ ಬಂದ ದಿನಾನೂ ಗ್ವಾಡಿ ಒಣಗೇ ಐತಿ. ನಲ್ಲಿ ನೀರು ಬಂದ್ರೂ ಅಷ್ಟ, ಬರದಿದ್ರೂ ಅಷ್ಟ. ಆದ್ರ ನೀ ಊರಾಗ ಇದ್ದ ದಿನ ಯಾಕ ಒಂದ್ ಸಲಾನೂ ತೇವ ಆಗಿಲ್ಲ?"

ನಾವು ನಾಲ್ಕನೆಯ ಮತ್ತು ಐದನೆಯ ಮನೆಗಳನ್ನು ಕೂಡಿಸಿ ನೋಡಿದೆವು. ನಾವು ಮನೆಯಲ್ಲಿದ್ದಾಗ ಬೆಳಗಿನ ಐದು ಗಂಟೆಗೆ ಗುಂಡಿ ಒತ್ತುವವರು ನಾವೇ. ಸುಡುನೀರಿನ ಸ್ನಾನ ನಮಗೆ ಮಠದ ದಿನಗಳಿಂದಲೂ ಅಭ್ಯಾಸವಿಲ್ಲ. ನೀರು ಉಗುರುಬೆಚ್ಚಗಾದರೆ ಸಾಕು. ಹತ್ತು ನಿಮಿಷಕ್ಕೆ ನಲ್ಲಿ ತಿರುಗಿಸುತ್ತೇವೆ. ನಮ್ಮ ಹಿಂದೆಯೇ ಮನೆಯಾಕೆ, ಆಮೇಲೆ ಮಗ, ಹೀಗೆ ಒಬ್ಬರ ಹಿಂದೊಬ್ಬರು. ನಾವಿಲ್ಲದ ದಿನ ಸೊಸೆ ಆರು ಗಂಟೆಗೆ ಗುಂಡಿ ಒತ್ತಿ ಅಡುಗೆಮನೆಗೆ ಹೋಗುತ್ತಾಳೆ. ಮಕ್ಕಳ ಡಬ್ಬಿ ಕಟ್ಟುವುದರಲ್ಲಿ ಮುಕ್ಕಾಲು ಗಂಟೆ ಕಳೆಯುತ್ತದೆ. ಅಷ್ಟು ಹೊತ್ತು ಯಾರೂ ನಲ್ಲಿ ಮುಟ್ಟುವುದಿಲ್ಲ. ತೇವವಾದ ಆರೂ ದಿನಗಳಲ್ಲಿ ಗುಂಡಿ ಒತ್ತಿದ ಹೊತ್ತಿಗೂ ಮೊದಲ ಸ್ನಾನಕ್ಕೂ ನಡುವೆ ಅರ್ಧ ಗಂಟೆಗಿಂತ ಹೆಚ್ಚು ಅಂತರವಿತ್ತು. ಒಣಗಿದ್ದ ಒಂಬತ್ತು ದಿನಗಳಲ್ಲಿ ಒಂದು ದಿನವೂ ಅಷ್ಟು ಅಂತರವಿರಲಿಲ್ಲ.

ಅಂದರೆ ನೀರು ಸೋರುತ್ತಿದ್ದುದು ಯಾರೋ ನಲ್ಲಿಯನ್ನು ತೆರೆದಿಟ್ಟದ್ದರಿಂದ ಅಲ್ಲ. ಯಾರೂ ನಲ್ಲಿಯನ್ನು ತೆರೆಯದೆ ಇದ್ದುದರಿಂದ! ನಾವು ಹೊರಿಸಿದ ಆರೋಪ ತಪ್ಪಾಗಿತ್ತು ಎನ್ನುವುದಷ್ಟೇ ಅಲ್ಲ, ತಲೆಕೆಳಗಾಗಿತ್ತು.

ಮುಂದಿನ ಭಾನುವಾರ ಮಗನನ್ನು ಏಣಿ ಹತ್ತಿಸಿದೆವು. ಮೊದಲು ವಿದ್ಯುತ್ತಿನ ಮುಖ್ಯ ಗುಂಡಿಯನ್ನು ಆರಿಸಿ, ಗೀಸರಿಗೆ ಸೇರುವ ಪ್ರತಿಯೊಂದು ಬೆಸುಗೆಗೂ ಜೋಡಣೆಗೂ ಹಳೆಯ ಪತ್ರಿಕೆಯ ಚೂರು ಸುತ್ತಿ ದಾರದಿಂದ ಕಟ್ಟಿಸಿದೆವು. ಅವನು ಕೆಳಗಿಳಿದ ಮೇಲೆ ಗೀಸರು ಹಚ್ಚಿ ನಲವತ್ತು ನಿಮಿಷ ಯಾರೂ ನಲ್ಲಿ ಮುಟ್ಟದಂತೆ ನೋಡಿಕೊಂಡೆವು. ಮತ್ತೆ ಆರಿಸಿ ನೋಡಿದರೆ ಕಾಗದದ ಚೂರುಗಳೆಲ್ಲ ಒಣಗಿದ್ದವು; ಒಂದರ ಹೊರತು. ತಣ್ಣೀರು ಒಳಹೋಗುವ ಕೊಳವೆಯ ಮೇಲೆ ಹಿತ್ತಾಳೆಯ ಒಂದು ಕವಾಟವಿದೆ. ಕೆಲಸದವರು ಅದನ್ನು ಸೇಫ್ಟಿ ವಾಲ್ವ್ ಎನ್ನುತ್ತಾರೆ. ಅದರ ಹೊಟ್ಟೆಯಲ್ಲಿ ಕಿರುಬೆರಳಿನ ಗಾತ್ರದ ಒಂದು ಮೂತಿಯಿದೆ. ಆ ಮೂತಿಗೆ ಕಟ್ಟಿದ್ದ ಕಾಗದ ತೊಯ್ದು ಹರಿದುಹೋಗಿತ್ತು. ಮುಟ್ಟಿದರೆ ಆ ನೀರು ತಣ್ಣಗೇ ಇತ್ತು. ಇಷ್ಟು ದಿನ ಎಲ್ಲರನ್ನೂ ದಾರಿ ತಪ್ಪಿಸಿದ್ದು ಈ ತಂಪೇ. ಗೀಸರು ಸೋರಿದರೆ ಬಿಸಿನೀರು ಬರಬೇಕಲ್ಲವೇ ಎಂದು ಎಲ್ಲರೂ ಅದನ್ನು ಬಿಟ್ಟು ಬೇರೆಡೆ ಹುಡುಕಿದ್ದೆವು. ಕವಾಟವಿರುವುದು ತಣ್ಣೀರಿನ ದಾರಿಯಲ್ಲಾದ್ದರಿಂದ ಅಲ್ಲಿಂದ ಹೊರಬೀಳುವುದು ತಣ್ಣೀರೇ. ಮೂತಿಯಿಂದ ಬಿದ್ದ ಹನಿ ಅಟ್ಟದ ಮೇಲೆ ಹರಡಿ, ಗೋಡೆಯ ಸಂದಿಗಿಳಿದು, ನಮ್ಮ ನಿಘಂಟಿನ ಬೆನ್ನಿಗೆ ತಲುಪುತ್ತಿತ್ತು.

ಎಲ್ಲಿಂದ ಎಂಬುದು ತಿಳಿಯಿತು. ಆದರೆ ಎಲ್ಲಿಂದ ಎಂಬುದು ತಿಳಿದ ಮಾತ್ರಕ್ಕೆ ಏಕೆ ಎಂಬುದು ತಿಳಿದಂತಲ್ಲ. ಈ ಭೇದವನ್ನು ಮರೆತದ್ದರಿಂದಲೇ ನಾವು ದೊಡ್ಡ ಅಪಾಯದ ಅಂಚಿಗೆ ಹೋಗಿ ನಿಂತೆವು.

ಸಂಜೆ ಪ್ಲಂಬರನನ್ನು ಕರೆಸಿದೆವು. ಸಜ್ಜನ, ಕಷ್ಟಪಟ್ಟು ದುಡಿಯುವ ಹುಡುಗ. ಮೇಲೆ ಹತ್ತಿ ನೋಡಿ ನಕ್ಕು ಹೇಳಿದ: "ಅಜ್ಜಾರ, ಇಷ್ಟಕ್ಕ ಯಾಕ ಚಿಂತಿ ಮಾಡ್ತೀರಿ? ಈ ಮೂತಿಗೆ ಒಂದು ಬಿರಡಿ ಜಡದ್ ಬಿಡ್ತೀನ್ರಿ. ಮುಂದ ಒಂದ್ ಹನಿ ಬೀಳಂಗಿಲ್ಲ." ನಮಗೂ ಅದು ಸರಿಯೆಂದೇ ತೋರಿತು. ಸೋರುವ ತೂತನ್ನು ಮುಚ್ಚುವುದೇ ತಾನೇ ರಿಪೇರಿ? ಹೂಂ ಎಂದೆವು. ಅಂದು ಅವನ ಚೀಲದಲ್ಲಿ ಆ ಅಳತೆಯ ಬಿರಡೆ ಇರಲಿಲ್ಲ. ನಾಳೆ ತರುತ್ತೇನೆಂದು ಹೋದ. ಆ ಒಂದು ರಾತ್ರಿಯ ಬಿಡುವು ನಮ್ಮ ಪಾಲಿಗೆ ದೊಡ್ಡ ಪುಣ್ಯವಾಯಿತು.

ರಾತ್ರಿ ಮಲಗಿದಾಗ ಮಠದ ಬಚ್ಚಲು ನೆನಪಾಯಿತು. ನಾವು ಹುಡುಗರಾಗಿ ಮಠದ ಪ್ರಸಾದನಿಲಯದಲ್ಲಿದ್ದಾಗ ಅರವತ್ತು ಹುಡುಗರ ಸ್ನಾನಕ್ಕೆ ಎರಡು ದೊಡ್ಡ ತಾಮ್ರದ ಹಂಡೆಗಳಿದ್ದವು. ನೀರು ತುಂಬುವ ಪಾಳಿ ಹುಡುಗರದು. ಒಲೆಯ ಮೇಲ್ವಿಚಾರಣೆ ಅಕ್ಷರ ಬಾರದ ಒಬ್ಬ ಮುದುಕನದು. ಉತ್ಸಾಹದಿಂದ ಹಂಡೆಯನ್ನು ಕಂಠದವರೆಗೆ ತುಂಬಿದರೆ ಆ ಅಜ್ಜ ಗದರಿಸುತ್ತಿದ್ದ: "ತಮ್ಮಾ, ನಾಕು ಬೆರಳು ಖಾಲಿ ಬಿಡೋ. ಕಾದ ನೀರು ಉಬ್ಬತೈತಿ. ಜಾಗಾ ಕೊಡದಿದ್ರ ಒಲಿ ಆರಸತೈತಿ." ಒಮ್ಮೆ ಅವನ ಮಾತು ಕೇಳದೆ ತುಂಬಿ, ಒಲೆ ಆರಿ, ಅರವತ್ತು ಮಂದಿ ತಣ್ಣೀರಿನಲ್ಲಿ ಮಿಂದದ್ದೂ ನೆನಪಾಯಿತು. ಹಂಡೆಗೆ ಬಾಯಿ ಇತ್ತು. ಉತ್ತರ ಕರ್ನಾಟಕದ ಮನೆಗಳಲ್ಲಿದ್ದ ತಾಮ್ರದ ಬಂಬಿಗೂ ಬಾಯಿ ಇತ್ತು. ಉಬ್ಬಿದ ನೀರಿಗೆ ಹೊರದಾರಿ ಇತ್ತು. ಈ ಗೀಸರಿಗೆ ಬಾಯಿ ಎಲ್ಲಿದೆ? ಎದ್ದು ಕುಳಿತೆವು.

ಬೆಳಗ್ಗೆ ಮಗನ ಸಹಾಯದಿಂದ ಲೆಕ್ಕ ಹಾಕಿದೆವು. ನಾಲ್ಕು ಡಿಗ್ರಿಗಿಂತ ಮೇಲೆ ನೀರು ಕಾದಂತೆಲ್ಲ ಹಿಗ್ಗುತ್ತದೆ. 20 ಡಿಗ್ರಿಯ ನೀರನ್ನು 60 ಡಿಗ್ರಿಗೆ ಕಾಯಿಸಿದರೆ ಅದರ ಗಾತ್ರ ನೂರಕ್ಕೆ ಒಂದೂವರೆ ಪಾಲು ಹೆಚ್ಚುತ್ತದೆ. 25 ಲೀಟರಿಗೆ ಈ ಹೆಚ್ಚಳ ಸುಮಾರು 375 ಮಿಲಿಲೀಟರು. ಲೆಕ್ಕವನ್ನು ಪರೀಕ್ಷಿಸಲು ಮೂತಿಯ ಕೆಳಗೆ ಪಾತ್ರೆಯಿಟ್ಟು, ನಲ್ಲಿ ಮುಟ್ಟದೆ ಪೂರ್ತಿ ಕಾಯಿಸಿ, ಬಿದ್ದ ನೀರನ್ನು ಅಳೆದೆವು: 330 ಮಿಲಿಲೀಟರು. ಒಳಗಿನ ಉಕ್ಕಿನ ತೊಟ್ಟಿಯೂ ಕಾದು ತುಸು ಹಿಗ್ಗಿ ಒಂದಿಷ್ಟು ಜಾಗ ಕೊಡುವುದರಿಂದ ಈ ಕೊರತೆ ಸಹಜವೇ. ಮರುದಿನ, ಕಾಯುತ್ತಿರುವಾಗ ಬಿಸಿನೀರಿನ ನಲ್ಲಿಯನ್ನು ಸಣ್ಣಗೆ ತೆರೆದಿಟ್ಟೆವು. ಪಾತ್ರೆಯಲ್ಲಿ ಒಂದು ಹನಿಯೂ ಇಲ್ಲ. ಮೂರನೆಯ ದಿನ ಗೀಸರನ್ನು ಹಚ್ಚದೆ ಇಡೀ ದಿನ ಬಿಟ್ಟೆವು. ಆಗಲೂ ಪಾತ್ರೆ ಒಣಗಿತ್ತು. ಸಂಶಯಕ್ಕೆ ಎಡೆಯೇ ಉಳಿಯಲಿಲ್ಲ.

ಹಾಗಾದರೆ ಒಂಬತ್ತು ವರ್ಷ ಇಲ್ಲದ ಹನಿ ಈಗೇಕೆ ಬಂತು? ಅದಕ್ಕೂ ಉತ್ತರ ಸಿಕ್ಕಿತು. ಮೊದಲು ಮಾಳಿಗೆಯ ಟ್ಯಾಂಕಿನಿಂದ ಕೊಳವೆ ನೇರವಾಗಿ ಗೀಸರಿಗೆ ಇಳಿಯುತ್ತಿತ್ತು. ಉಬ್ಬಿದ ನೀರು ಬಂದ ದಾರಿಯಲ್ಲೇ ಹಿಂದಕ್ಕೆ ಸರಿದು ಟ್ಯಾಂಕಿನ ಕಡೆಗೆ ಏರುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಜ್ಯೇಷ್ಠಮಾಸದಲ್ಲಿ ಮಗ ನೀರಿನ ರಭಸ ಹೆಚ್ಚಲೆಂದು ಪ್ರೆಶರ್ ಪಂಪು ಹಾಕಿಸಿದ. ಆಗಲೇ ಈ ಹೊಸ ಕವಾಟವನ್ನೂ ಜೋಡಿಸಿದರು. ಅದು ಎರಡು ಕೆಲಸ ಮಾಡುತ್ತದೆ. ಒಳಹೋದ ನೀರು ಹಿಂದಕ್ಕೆ ಬಾರದಂತೆ ತಡೆಯುತ್ತದೆ. ಒಳಗೆ ಒತ್ತಡ ಮಿತಿಮೀರಿದರೆ ಮೂತಿಯ ಮೂಲಕ ಹೊರಗೆ ಬಿಡುತ್ತದೆ. ಹಿಂದಿನ ದಾರಿ ಮುಚ್ಚಿದ್ದರಿಂದ ಉಬ್ಬಿದ ನೀರಿಗೆ ಉಳಿದದ್ದು ಆ ಮೂತಿಯೊಂದೇ. ಕವಾಟ ಕೆಟ್ಟಿರಲಿಲ್ಲ, ತನ್ನ ಕರ್ತವ್ಯವನ್ನು ಮಾಡುತ್ತಿತ್ತು. ಜೋಡಿಸಿದವರು ಮೂತಿಯಿಂದ ಬಚ್ಚಲಿನ ನೆಲದವರೆಗೆ ಒಂದು ಕೊಳವೆ ಇಳಿಬಿಡಬೇಕಾಗಿತ್ತು, ಅದನ್ನು ಮರೆತಿದ್ದರು. ದೋಷವಿದ್ದುದು ಅಷ್ಟೇ.

ಆ ಮೂತಿಗೆ ಬಿರಡೆ ಜಡಿದಿದ್ದರೆ ಏನಾಗುತ್ತಿತ್ತು? ನೀರು ಗಾಳಿಯಂತಲ್ಲ, ಒತ್ತಿದರೆ ಕುಗ್ಗುವುದಿಲ್ಲ. ಅದನ್ನು ನೂರಕ್ಕೆ ಒಂದು ಪಾಲಿನಷ್ಟು ಕುಗ್ಗಿಸಲು 200 ಬಾರಿಗಿಂತ ಹೆಚ್ಚಿನ ಒತ್ತಡ ಬೇಕು. ಒಂದು ಬಾರ್ ಎಂದರೆ ಸುಮಾರು 10 ಮೀಟರು ಎತ್ತರದ ನೀರಿನ ಕಂಬದ ಒತ್ತಡ. ಮನೆಬಳಕೆಯ ಅನೇಕ ಗೀಸರುಗಳ ಮೇಲೆ ಅವು ತಡೆಯಬಲ್ಲ ಒತ್ತಡ 8 ಬಾರ್ ಎಂದು ಬರೆದಿರುತ್ತದೆ. ಹೊರದಾರಿಯಿಲ್ಲದೆ ಹಿಗ್ಗುವ ನೀರು ದಿನದಿನವೂ ತೊಟ್ಟಿಯ ಬೆಸುಗೆಯನ್ನು ಹಿಂಸಿಸುತ್ತದೆ. ಅದರ ಮೇಲೆ ಒಂದು ದಿನ ಉಷ್ಣತೆಯನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಕೆಟ್ಟು ನೀರು ಕುದಿಯುವ ಮಟ್ಟವನ್ನೂ ಮೀರಿ ಕಾದರೆ, ತೊಟ್ಟಿ ಒಡೆದ ಕ್ಷಣದಲ್ಲೇ ಆ ನೀರಿನ ಒಂದು ಭಾಗ ಹಬೆಯಾಗಿ ಸಿಡಿಯುತ್ತದೆ. ಒಂದು ಲೀಟರು ನೀರು ಹಬೆಯಾದರೆ ಸಾವಿರದ ಆರುನೂರು ಲೀಟರಿಗಿಂತ ಹೆಚ್ಚು ಜಾಗ ಬೇಡುತ್ತದೆ. ಅಟ್ಟದ ಕೆಳಗೆ ಸ್ನಾನ ಮಾಡುತ್ತಿರುವವರು ಆ ಮೊಮ್ಮಗಳೇ ಆಗಿರಬಹುದಾಗಿತ್ತು.

ಗೀಸರಿಗೆ ಮೂವರು ಕಾವಲುಗಾರರು. ಮೊದಲನೆಯದು ಥರ್ಮೋಸ್ಟಾಟ್. ಎರಡನೆಯದು, ಅದು ಕೈಕೊಟ್ಟಾಗ ವಿದ್ಯುತ್ತನ್ನು ಕಡಿಯುವ ಕಟ್‌ಔಟ್. ಮೂರನೆಯದು ಈ ಕವಾಟ. ಮೊದಲಿನ ಇಬ್ಬರೂ ನಿದ್ದೆಹೋದರೆ ಕೊನೆಗೆ ಎಚ್ಚರವಿರುವವನು ಇವನೊಬ್ಬನೇ. 1679ರಲ್ಲಿ ಫ್ರಾನ್ಸಿನ ಡೆನಿ ಪಾಪೆನ್ ಎಂಬ ವಿದ್ವಾಂಸನು ಇಂದಿನ ಪ್ರೆಶರ್ ಕುಕ್ಕರಿನ ಪೂರ್ವಜವೆನ್ನಬಹುದಾದ ಪಾತ್ರೆಯನ್ನು ರಚಿಸಿದನು. ಒತ್ತಡ ಮೀರಿದಾಗ ತಾನಾಗಿ ತೆರೆಯುವ ಕವಾಟದ ಕೀರ್ತಿಯನ್ನೂ ಸಾಮಾನ್ಯವಾಗಿ ಅವನಿಗೇ ಕೊಡುತ್ತಾರೆ. ನಮ್ಮ ತಾಯಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕುಕ್ಕರ್ ಸೀಟಿ ಹಾಕುತ್ತದೆಯೆಂದು ಅದರ ಬಾಯಿಗೆ ಬಟ್ಟೆ ತುರುಕುವ ಗೃಹಿಣಿ ಎಲ್ಲಿಯೂ ಇಲ್ಲ. ಅಡುಗೆಮನೆಯಲ್ಲಿರುವ ಆ ವಿವೇಕ ಬಚ್ಚಲುಮನೆಯಲ್ಲಿ ನಮಗಿರಲಿಲ್ಲ.

ಪ್ಲಂಬರ್ ಬಿರಡೆ ಹಿಡಿದು ಬಂದಾಗ ಕೂರಿಸಿ, ಚಹಾ ಕೊಟ್ಟು, ಹಂಡೆಯ ಕಥೆಯಿಂದ ಕುಕ್ಕರಿನವರೆಗೆ ಎಲ್ಲವನ್ನೂ ಹೇಳಿದೆವು. ಅವನು ಅರ್ಧ ಚಹಾ ಬಿಟ್ಟು ಸುಮ್ಮನೆ ಕುಳಿತ. ಆಮೇಲೆ, "ಅಜ್ಜಾರ, ಎರಡ್ ಮನ್ಯಾಗ ನಾ ಹಿಂಗ ಬಿರಡಿ ಹೊಡದೀನ್ರಿ. ನನಗ ಯಾರೂ ಹೇಳಿರಲಿಲ್ರಿ" ಎಂದ. ನಮ್ಮ ಮನೆಯ ಮೂತಿಗೆ ಒಂದೂವರೆ ಮೀಟರು ಕೊಳವೆ ಸಿಕ್ಕಿಸಿ, ಇಳಿಜಾರಾಗಿ ತಂದು, ಬಚ್ಚಲಿನ ಮೋರಿಯ ಮೇಲೆ ಕಣ್ಣಿಗೆ ಕಾಣುವಂತೆ ಬಾಯಿ ತೆರೆದೇ ಬಿಟ್ಟ. ಅರ್ಧ ಗಂಟೆಯ ಕೆಲಸ. ಕೂಲಿ ತೆಗೆದುಕೊಳ್ಳದೆ ನೇರವಾಗಿ ಆ ಎರಡು ಮನೆಗಳಿಗೆ ಹೋದ. ರಾತ್ರಿ ಒಂಬತ್ತಕ್ಕೆ ಬಾಗಿಲು ಬಡಿದು, "ಎರಡೂ ತಗದ್ ಬಂದೆ ನೋಡ್ರಿ" ಎಂದು ಹೇಳಿ ಹೋದ. ತಪ್ಪು ತಿಳಿದ ದಿನವೇ ಅದನ್ನು ತಿದ್ದಿದ ಆ ಹುಡುಗನ ಮುಂದೆ ನಮಗೆ ನಾಚಿಕೆಯಾಯಿತು. ನಮ್ಮದೊಂದು ತಪ್ಪು ಇನ್ನೂ ತಿದ್ದದೆ ಉಳಿದಿತ್ತಲ್ಲ!

ಅದೇ ರಾತ್ರಿ ಊಟದ ಹೊತ್ತಿಗೆ, ಆರೋಪ ಹೊರಿಸಿದಾಗ ಯಾರು ಯಾರು ಇದ್ದರೋ ಅವರೆಲ್ಲರ ಎದುರಿಗೇ, "ಯವ್ವಾ, ತಪ್ಪು ನಮ್ಮದು. ನೋಡಲಾರದ ಮಾತಾಡಿದ್ವಿ" ಎಂದೆವು. ಎಲ್ಲರ ಮುಂದೆ ಆಡಿದ ಮಾತನ್ನು ಏಕಾಂತದಲ್ಲಿ ಹಿಂತೆಗೆದುಕೊಂಡರೆ ಅದು ಪೂರ್ತಿ ಹಿಂತೆಗೆದುಕೊಂಡಂತಾಗದು ಎಂಬುದು ನಮ್ಮ ತಿಳಿವಳಿಕೆ. ಸೊಸೆ ಒಂದು ಗಳಿಗೆ ಏನೂ ಹೇಳಲಿಲ್ಲ. ಆಮೇಲೆ, "ಇರಲಿ ಬಿಡ್ರಿ ಮಾವಾರ, ಪುಸ್ತಕ ಒಣಗಿದ್ವಲ್ಲ" ಎಂದಳು. ತುಸು ಹೊತ್ತಿಗೆ, ನಾವು ಬೇಡವೆಂದರೂ, ತಟ್ಟೆಗೆ ಇನ್ನೊಂದು ರೊಟ್ಟಿ ಬಿತ್ತು.

ಓದುಗರ ಮನೆಗಳಲ್ಲೂ ಇಂಥ ತೊಂದರೆ ಇದ್ದೀತು. ಎಲ್ಲ ಸೋರಿಕೆಗೂ ಇದೇ ಕಾರಣವೆಂದು ತಿಳಿಯಬಾರದು. ಯಾವಾಗ ಸೋರುತ್ತದೆ ಎಂಬುದರಿಂದ ಏಕೆ ಸೋರುತ್ತದೆ ಎಂಬುದನ್ನು ಹೆಚ್ಚುಕಡಿಮೆ ಊಹಿಸಬಹುದು.

ಗೀಸರು ಕಾಯುವಾಗ ಮಾತ್ರ ಕವಾಟದ ಮೂತಿಯಿಂದ ಹನಿದು, ಕಾದ ಮೇಲೆ ನಿಂತರೆ, ಅದು ನೀರಿನ ಸಹಜವಾದ ಹಿಗ್ಗುವಿಕೆ. ಕೊಳವೆ ಇಳಿಬಿಟ್ಟರೆ ಸಾಕು. ಗೀಸರು ಆರಿದ್ದಾಗಲೂ ಮೂತಿ ಹನಿಯುತ್ತಿದ್ದರೆ ಪಂಪಿನ ಒತ್ತಡ ಹೆಚ್ಚಾಗಿರಬಹುದು, ಇಲ್ಲವೆ ಕವಾಟದ ಬಾಯಿಯಲ್ಲಿ ಕಸವೋ ಸುಣ್ಣದ ಹರಳೋ ಸಿಕ್ಕಿರಬಹುದು. ಕೊಳವೆಬಾವಿಯ ಗಡಸು ನೀರು ಬಳಸುವ ಮನೆಗಳಲ್ಲಿ ಇದು ಸಾಮಾನ್ಯ. ಅಂಥಲ್ಲಿ ಕವಾಟವನ್ನು ಸ್ವಚ್ಛಗೊಳಿಸಬೇಕು ಅಥವಾ ಬದಲಿಸಬೇಕು. ಮೂತಿಯಿಂದ ಸುಡುನೀರೋ ಹಬೆಯೋ ನಿಲ್ಲದೆ ಬರುತ್ತಿದ್ದರೆ ಥರ್ಮೋಸ್ಟಾಟ್ ಕೆಟ್ಟಿದೆಯೆಂದೇ ತಿಳಿಯಿರಿ. ಹತ್ತಿರ ಹೋಗದೆ ಮುಖ್ಯ ಗುಂಡಿಯನ್ನು ಆರಿಸಿ, ಬಲ್ಲವರನ್ನು ಕರೆಸಿರಿ.

ಯಾರಾದರೂ ಸ್ನಾನ ಮಾಡಿದಾಗ ಮಾತ್ರ ತೇವ ಬಂದರೆ ಗೀಸರಿನ ಮೇಲೆ ತಪ್ಪು ಹೊರಿಸಬೇಡಿರಿ. ನೆಲದ ಸಂದಿಯನ್ನೋ ಮೋರಿಯ ಜೋಡಣೆಯನ್ನೋ ನೋಡಿರಿ. ಅರಿಶಿನ ಕದಡಿದ ನೀರನ್ನು ಮೋರಿಗೆ ಸುರಿದರೆ, ತೇವದಲ್ಲಿ ಹಳದಿ ಕಂಡಲ್ಲಿ ಉತ್ತರ ಸಿಗುತ್ತದೆ. ಬಿಸಿನೀರು ಹರಿದ ಮೇಲೆ ಒಂದು ಜೋಡಣೆ ಹನಿದು ತಾನಾಗಿ ನಿಂತರೆ ಕೊಳವೆಯ ಹಿಗ್ಗುಕುಗ್ಗು ಕಾರಣ. ಮೂರು ಮೀಟರು ಉದ್ದದ ಸಿ.ಪಿ.ವಿ.ಸಿ. ಕೊಳವೆ ನಲವತ್ತು ಡಿಗ್ರಿ ಕಾದರೆ ಸುಮಾರು 8 ಮಿಲಿಮೀಟರು ಉದ್ದವಾಗುತ್ತದೆ. ಕಬ್ಬಿಣದ್ದು ಒಂದೂವರೆ ಮಿಲಿಮೀಟರು. ಅಲುಗಾಡಲು ಎಡೆಯಿಲ್ಲದಂತೆ ಗೋಡೆಯಲ್ಲಿ ಹೂತರೆ ಜೋಡಣೆ ಸಡಿಲಾಗದೆ ಇರದು. ಗೀಸರಿನ ಮೈಯ ತಳದಿಂದಲೇ ತುಕ್ಕಿನ ಬಣ್ಣದ ಹನಿ ಬಿದ್ದರೆ ಒಳಗಿನ ತೊಟ್ಟಿ ತೂತಾಗಿದೆ. ಅದಕ್ಕೆ ತೇಪೆ ಹಚ್ಚಿಸಬೇಡಿರಿ, ಬದಲಿಸುವುದೇ ಸರಿ.

ಮಾಳಿಗೆಯ ಮೇಲೆ ಸೌರ ಹೀಟರು ಇರುವವರು ಅದರ ಗಾಳಿಕೊಳವೆಯನ್ನು ಗಮನಿಸಿರಿ. ತಣ್ಣೀರಿನ ಟ್ಯಾಂಕು ತುಂಬಿ ನೀರಿನ ಮಟ್ಟ ಆ ಕೊಳವೆಯ ತುದಿಗಿಂತ ಮೇಲೇರಿದಾಗ ಅಲ್ಲಿಂದ ನೀರು ಸುರಿಯುತ್ತದೆ; ಮಟ್ಟ ಇಳಿದಾಗ ನಿಲ್ಲುತ್ತದೆ. ಸುರಿಯುತ್ತದೆಯೆಂದು ಅದರ ಬಾಯಿಯನ್ನೂ ಮುಚ್ಚಬಾರದು. ಕೊಳವೆಯ ಎತ್ತರವನ್ನೋ ಟ್ಯಾಂಕಿನ ಮಟ್ಟವನ್ನೋ ಸರಿಪಡಿಸಬೇಕು.

ಏನನ್ನು ಪರೀಕ್ಷಿಸುವ ಮೊದಲೂ ವಿದ್ಯುತ್ತನ್ನು ಪೂರ್ತಿ ಕಡಿಯಿರಿ. ಒದ್ದೆ ಕೈ, ಒದ್ದೆ ನೆಲ, ವಿದ್ಯುತ್ತು ಇವು ಒಂದೆಡೆ ಕೂಡಬಾರದು. ಇಂದೇ ನಿಮ್ಮ ಬಚ್ಚಲಿಗೆ ಹೋಗಿ ಒಮ್ಮೆ ತಲೆಯೆತ್ತಿ ನೋಡಿರಿ. ಗೀಸರಿನ ಕವಾಟದ ಮೂತಿಗೆ ಯಾರಾದರೂ ಬಿರಡೆ ಜಡಿದಿದ್ದರೆ, ಮೇಣ ಮೆತ್ತಿದ್ದರೆ, ಅದನ್ನು ತೆಗೆಸುವವರೆಗೆ ಆ ಗೀಸರನ್ನು ಹಚ್ಚಬೇಡಿರಿ. ಈ ಲೇಖನದಿಂದ ಒಂದು ಮನೆಯಲ್ಲಿ ಒಂದು ಬಿರಡೆ ಹೊರಬಂದರೂ ನಮ್ಮ ಶ್ರಮ ಸಾರ್ಥಕ.

ಇನ್ನೊಂದು ಮಾತು. ಮನೆಯಲ್ಲಿ ಬಿಟ್ಟು ಬಿಟ್ಟು ಕಾಣುವ ತೊಂದರೆಗಳು ನೀರಿನವು ಮಾತ್ರವಲ್ಲ. ಒಬ್ಬರ ಮುನಿಸು, ಒಬ್ಬರ ಮೌನ, ಮಕ್ಕಳ ಹಟ ಇವೂ ಕೆಲವು ದಿನ ಕಾಣಿಸಿ ಕೆಲವು ದಿನ ಮರೆಯಾಗುತ್ತವೆ. ಅಂಥಲ್ಲಿ ಯಾರು ಮಾಡಿದರು ಎಂದು ಕೇಳುವ ಮೊದಲು ಯಾವಾಗ ಆಗುತ್ತದೆ ಎಂದು ಕೇಳಿಕೊಳ್ಳುವುದು ಒಳ್ಳೆಯದು. ನಾವು ಆ ಪ್ರಶ್ನೆಯನ್ನು ಅರವತ್ತು ದಾಟಿದ ಮೇಲೆ, ಒಂಬತ್ತನೆಯ ಇಯತ್ತೆಯ ಹುಡುಗಿಯಿಂದ ಕಲಿತೆವು. ಆಕೆಯ ನೋಟುಪುಸ್ತಕಕ್ಕೆ ಮೇಷ್ಟ್ರು ಹತ್ತಕ್ಕೆ ಒಂಬತ್ತು ಅಂಕ ಕೊಟ್ಟರಂತೆ. ಒಂದು ಅಂಕ ಕಡಿದದ್ದು ಏಕೆಂದು ಕೇಳಿದೆವು. ಅಕ್ಷರ ಸೊಟ್ಟಗಿತ್ತಂತೆ.